ಪಂಚಾಂಗ ನೋಡಿ ಹೊರಡಬೇಕಾದ ಊರು: ಅಡಿಸ್ ಅಬಾಬದ ಮೊದಲ ಭೇಟಿಗೆ ಸಿದ್ಧತೆ

ಆಫ್ರಿಕಾದಲ್ಲಿ 54 ದೇಶಗಳಿವೆ. ರಾಜಧಾನಿಗಳು ಅದಕ್ಕಿಂತ ಒಂದೆರಡು ಹೆಚ್ಚೇ ಇವೆ, ಏಕೆಂದರೆ ದಕ್ಷಿಣ ಆಫ್ರಿಕಾ ಒಂದಕ್ಕೇ ಮೂರು ರಾಜಧಾನಿಗಳು. ಕೈರೋಗೆ ಹೊರಡುವವರು ಮಾಡಿಕೊಳ್ಳುವ ಸಿದ್ಧತೆ ನೈರೋಬಿಗೆ ಹೊಂದುವುದಿಲ್ಲ, ನೈರೋಬಿಯದು ಅಕ್ರಾಕ್ಕೆ ಒಗ್ಗುವುದಿಲ್ಲ. ಆದ್ದರಿಂದ ಇಡೀ ಖಂಡಕ್ಕೆ ಅನ್ವಯವಾಗುವ ಉಪದೇಶ ಕೊಡುವ ಗೋಜಿಗೆ ಹೋಗದೆ, ಇಂದಿನ ಈ ಸಭೆಯಲ್ಲಿ ಒಂದೇ ಊರನ್ನು ಹಿಡಿದು ಮಾತಾಡುತ್ತೇನೆ. ಅದು ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬ. ಈ ಆಯ್ಕೆಗೆ ಕಾರಣವಿದೆ. ನಮ್ಮಲ್ಲಿಂದ ಆಫ್ರಿಕಾದ ಬೇರೆ ಬೇರೆ ದೇಶಗಳಿಗೆ ಕೆಲಸ, ವ್ಯಾಪಾರ, ಬೋಧನೆ ಎಂದು ಹೋಗುವವರಲ್ಲಿ ಬಹಳಷ್ಟು ಜನ ಈ ಊರಿನ ವಿಮಾನ ನಿಲ್ದಾಣದಲ್ಲಿ ಇಳಿದು, ಕೆಲವು ಗಂಟೆ ಕಾದು, ಊರನ್ನು ನೋಡದೆಯೇ ಮುಂದಿನ ವಿಮಾನ ಹತ್ತಿಬಿಡುತ್ತಾರೆ. ಬೋಲೆ ವಿಮಾನ ನಿಲ್ದಾಣ ಊರ ಹೊರಗೆಲ್ಲೋ ಇಲ್ಲ, ಊರಿನೊಳಗೇ ಇದೆ. ಅಂದರೆ ಊರು ಗೋಡೆಯಾಚೆಗೇ ಇರುತ್ತದೆ, ಆದರೂ ಅದನ್ನು ಕಂಡವರು ಕಡಿಮೆ.

ಪ್ರವಾಸದ ಯೋಜನೆಯೆಂದರೆ ನಾವು ಸಾಮಾನ್ಯವಾಗಿ ನೋಡಬೇಕಾದ ಸ್ಥಳಗಳ ಪಟ್ಟಿಯಿಂದ ಆರಂಭಿಸುತ್ತೇವೆ. ರಜೆ ಸಿಕ್ಕ ದಿನಗಳಿಗೆ ಆ ಪಟ್ಟಿಯನ್ನು ಹೇಗೋ ಹೊಂದಿಸಿಕೊಳ್ಳುತ್ತೇವೆ. ಅಡಿಸ್ ಅಬಾಬದ ಮಟ್ಟಿಗೆ ಈ ಕ್ರಮವನ್ನು ತಿರುವುಮುರುವು ಮಾಡಿ ಎಂಬುದೇ ಇಂದು ನಾನು ಹೇಳಬೇಕಾಗಿರುವ ಮುಖ್ಯ ಮಾತು. ಮೊದಲು ತಾರೀಖು, ಆಮೇಲೆ ಸ್ಥಳ. ಆ ಊರಿನಲ್ಲಿ ನಿಮಗೆ ಯಾವ ಊಟ ಸಿಗುತ್ತದೆ, ಯಾವ ರಸ್ತೆ ಮುಚ್ಚಿರುತ್ತದೆ, ಹೋಟೆಲಿನಲ್ಲಿ ಕೋಣೆ ಇರುತ್ತದೆಯೋ ಇಲ್ಲವೋ, ಬೆಟ್ಟದ ಮೇಲಿಂದ ಊರು ಕಾಣುತ್ತದೆಯೋ ಮೋಡ ಕಾಣುತ್ತದೆಯೋ ಎಂಬುದೆಲ್ಲ ನೀವು ಯಾವ ವಾರದಲ್ಲಿ, ಕೆಲವೊಮ್ಮೆ ವಾರದ ಯಾವ ದಿನದಲ್ಲಿ ಅಲ್ಲಿರುತ್ತೀರಿ ಎಂಬುದರ ಮೇಲೆ ನಿಂತಿದೆ. ಮದುವೆ, ಗೃಹಪ್ರವೇಶಗಳಿಗೆ ಪಂಚಾಂಗ ನೋಡುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆದರೆ ನೋಡಬೇಕಾದದ್ದು ಅವರ ಪಂಚಾಂಗವನ್ನು.

ಇಥಿಯೋಪಿಯಾದ ವರ್ಷಕ್ಕೆ ಹದಿಮೂರು ತಿಂಗಳು. ಹನ್ನೆರಡು ತಿಂಗಳಿಗೆ ತಲಾ 30 ದಿನ, ಉಳಿದ ಐದು ದಿನ, ಅಧಿಕ ವರ್ಷದಲ್ಲಿ ಆರು ದಿನ, ಪಗುಮೆ ಎಂಬ ಹದಿಮೂರನೆಯ ತಿಂಗಳಿಗೆ. ಹೊಸ ವರ್ಷ ಬರುವುದು ನಮ್ಮ ಕ್ಯಾಲೆಂಡರಿನ ಸೆಪ್ಟೆಂಬರ್ 11ರಂದು, ನಾಲ್ಕು ವರ್ಷಕ್ಕೊಮ್ಮೆ 12ರಂದು. ವರ್ಷದ ಸಂಖ್ಯೆಯೂ ಬೇರೆ: 2025ರ ಸೆಪ್ಟೆಂಬರ್ 11ರಂದು ಅಲ್ಲಿ 2018ನೆಯ ವರ್ಷ ಆರಂಭವಾಯಿತು. ಹೊಸ ಸಹಸ್ರಮಾನವನ್ನು ಲೋಕವೆಲ್ಲ ಸ್ವಾಗತಿಸಿ ಮುಗಿಸಿದ ಮೇಲೆ, 2007ರಲ್ಲಿ ಅವರು 2000ನೆಯ ವರ್ಷವನ್ನು ಬಹಳ ಅದ್ದೂರಿಯಾಗಿ ಬರಮಾಡಿಕೊಂಡರು. ಹೋಟೆಲಿನವರೂ ವಿಮಾನ ಸಂಸ್ಥೆಯವರೂ ವಿದೇಶಿಯರೊಂದಿಗೆ ನಮ್ಮ ಕ್ಯಾಲೆಂಡರನ್ನೇ ಬಳಸುತ್ತಾರೆ, ಆದ್ದರಿಂದ ಗಾಬರಿಯಾಗಬೇಕಾದ್ದಿಲ್ಲ. ಆದರೆ ಅಂಗಡಿಯ ರಸೀದಿ, ಆಹಾರದ ಪೊಟ್ಟಣದ ಮೇಲಿನ ದಿನಾಂಕ, ಸರ್ಕಾರಿ ಕಚೇರಿಯ ಸೂಚನಾ ಫಲಕ ಇವುಗಳಲ್ಲಿ ಅವರ ದಿನಾಂಕ ಇರಬಹುದು. ಬಿಸ್ಕತ್ತಿನ ಪೊಟ್ಟಣದ ಮೇಲೆ ಏಳೆಂಟು ವರ್ಷ ಹಿಂದಿನ ಇಸವಿ ಕಂಡರೆ ಅಂಗಡಿಯವನೊಡನೆ ಜಗಳಕ್ಕೆ ನಿಲ್ಲಬೇಡಿ.

ಇದಕ್ಕಿಂತ ಹೆಚ್ಚು ತೊಂದರೆ ಕೊಡುವುದು ಗಡಿಯಾರ. ಇಥಿಯೋಪಿಯಾದ ಅಧಿಕೃತ ಸಮಯ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಅಷ್ಟನ್ನು ಮೊಬೈಲ್ ತಾನೇ ಸರಿಪಡಿಸಿಕೊಳ್ಳುತ್ತದೆ. ಮೊಬೈಲಿಗೆ ತಿಳಿಯದ ಸಂಗತಿಯೆಂದರೆ, ಅಲ್ಲಿನ ಜನ ಗಂಟೆಯನ್ನು ಎಣಿಸುವುದು ಬೆಳಗಿನಿಂದ. ನಾವು ಬೆಳಿಗ್ಗೆ ಏಳು ಗಂಟೆ ಎನ್ನುವುದು ಅವರಿಗೆ ಹಗಲಿನ ಒಂದು ಗಂಟೆ. ನಮ್ಮ ಮಧ್ಯಾಹ್ನ ಹನ್ನೆರಡು ಅವರಿಗೆ ಆರು. ಸಂಜೆ ಏಳಾದರೆ ರಾತ್ರಿಯ ಒಂದು. ಸಮಭಾಜಕಕ್ಕೆ ಹತ್ತಿರವಿರುವ, ವರ್ಷವಿಡೀ ಸೂರ್ಯ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹುಟ್ಟುವ ನಾಡಿಗೆ ಇದು ಬಹಳ ಸಹಜವಾದ ಲೆಕ್ಕ. ಸೂರ್ಯೋದಯದಿಂದ ಘಳಿಗೆ ಎಣಿಸುತ್ತಿದ್ದ ನಮ್ಮ ಹಿರಿಯರಿಗೆ ಅದು ನಮ್ಮ ಈಗಿನ ಲೆಕ್ಕಕ್ಕಿಂತ ಬೇಗ ಅರ್ಥವಾಗುತ್ತಿತ್ತು. ಕಾರಿನವರು «ನಾಳೆ ಮೂರು ಗಂಟೆಗೆ ಬರುತ್ತೇನೆ» ಎಂದರೆ ಅದು ಬೆಳಗಿನ ಒಂಬತ್ತು. ಇಂಗ್ಲಿಷಿನಲ್ಲಿ ಮಾತಾಡುವಾಗ ಕೆಲವರು ಗಂಟೆಯನ್ನೂ ನಮ್ಮ ಲೆಕ್ಕಕ್ಕೆ ಬದಲಿಸಿ ಹೇಳುತ್ತಾರೆ, ಕೆಲವರು ಬದಲಿಸುವುದಿಲ್ಲ. ಆದ್ದರಿಂದ ಪ್ರತಿ ಸಲವೂ ಇದು ಇಥಿಯೋಪಿಯಾದ ಸಮಯವೋ ವಿದೇಶಿ ಸಮಯವೋ ಎಂದು ಕೇಳಿಕೊಳ್ಳಬೇಕು. ಆ ಪ್ರಶ್ನೆ ಅಲ್ಲಿ ಯಾರಿಗೂ ವಿಚಿತ್ರವೆನಿಸುವುದಿಲ್ಲ. ವಿಮಾನದ ಟಿಕೆಟ್ಟಿನಲ್ಲಿರುವುದು ಮಾತ್ರ ಯಾವಾಗಲೂ ನಮ್ಮ ಲೆಕ್ಕದ ಸಮಯವೇ.

ಇನ್ನು ಯಾವ ತಿಂಗಳು ಎಂಬ ವಿಚಾರ. ಜೂನ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ ಕಿರೆಮ್ತ್ ಎಂಬ ದೊಡ್ಡ ಮಳೆಗಾಲ. ಜುಲೈ, ಆಗಸ್ಟ್‌ಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಆಲಿಕಲ್ಲಿನ ಸಮೇತ ಸುರಿಯುವುದೂ ಉಂಟು. ನಮ್ಮಲ್ಲಿ ಏಪ್ರಿಲ್–ಮೇ ಬೇಸಿಗೆ ರಜೆಯಲ್ಲಿ ಹೋಗುವವರಿಗೆ ಅಲ್ಲಿನ ಸಣ್ಣ ಮಳೆಗಾಲದ ಹನಿಗಳು ಸಿಗುತ್ತವೆ, ಆದರೆ ಅವು ಓಡಾಟವನ್ನು ಕೆಡಿಸುವಷ್ಟಿರುವುದಿಲ್ಲ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗಿನ ಕಾಲವನ್ನು ಆರಿಸಿಕೊಳ್ಳಿ ಎನ್ನುತ್ತೇನೆ. ಮಳೆ ನಿಂತು ಗಾಳಿ ತೊಳೆದಂತಿರುತ್ತದೆ, ಊರ ಸುತ್ತಲಿನ ಬಯಲುಗಳಲ್ಲಿ ಅದೇ ಅಬೆಬ ಎಂಬ ಹಳದಿ ಹೂ ಅರಳಿರುತ್ತದೆ, ಸೆಪ್ಟೆಂಬರ್ 27ಕ್ಕೆ ಶಿಲುಬೆಯ ಹಬ್ಬವಾದ ಮೆಸ್ಕೆಲ್ ಬರುತ್ತದೆ. ಹಬ್ಬದ ಹಿಂದಿನ ಸಂಜೆ ಮೆಸ್ಕೆಲ್ ಚೌಕದಲ್ಲಿ ದೆಮೆರಾ ಎಂಬ ಭಾರಿ ಸೌದೆಯ ರಾಶಿಗೆ ಬೆಂಕಿ ಕೊಡುತ್ತಾರೆ. ಪಾದ್ರಿಗಳೂ ಸಹಸ್ರಾರು ಭಕ್ತರೂ ಬಿಳಿ ಬಟ್ಟೆಯಲ್ಲಿ ಸೇರಿರುತ್ತಾರೆ. ಜನವರಿ 19ರ ಸುಮಾರಿಗೆ ಬರುವ, ಕ್ರಿಸ್ತನ ದೀಕ್ಷಾಸ್ನಾನದ ನೆನಪಿನ ತಿಮ್ಕತ್ ಹಬ್ಬ ಇದಕ್ಕೂ ದೊಡ್ಡದು. ಪ್ರತಿ ಚರ್ಚಿನಿಂದಲೂ ತಾಬೋತ್ ಎಂಬ ಪವಿತ್ರ ಫಲಕವನ್ನು ಜರತಾರಿ ಬಟ್ಟೆಯಲ್ಲಿ ಮುಚ್ಚಿ, ಪಾದ್ರಿಗಳು ತಲೆಯ ಮೇಲೆ ಹೊತ್ತು, ಬಣ್ಣದ ಛತ್ರಿಗಳ ಕೆಳಗೆ ಮೆರವಣಿಗೆಯಲ್ಲಿ ಜಾನ್ ಮೇಡಾ ಬಯಲಿಗೆ ಒಯ್ಯುತ್ತಾರೆ. ಮರುದಿನ ಬೆಳಿಗ್ಗೆ ಜನರ ಮೇಲೆ ತೀರ್ಥ ಎರಚುತ್ತಾರೆ. ಈ ಎರಡು ಹಬ್ಬಗಳ ದಿನ ಊರಿನ ಮಧ್ಯದ ರಸ್ತೆಗಳಲ್ಲಿ ವಾಹನ ಓಡುವುದಿಲ್ಲ. ಹಬ್ಬ ನೋಡಲೆಂದೇ ಹೋಗುವವರು ಕೋಣೆಯನ್ನು ನಡೆದು ಹೋಗುವಷ್ಟು ಹತ್ತಿರದಲ್ಲಿ ಹಿಡಿಯಬೇಕು. ಹಬ್ಬ ಬೇಡವೆನ್ನುವವರು ಆ ದಿನಗಳನ್ನೇ ಬಿಡಬೇಕು.

ತಪ್ಪಿಸಲೇಬೇಕಾದ ಒಂದು ವಾರ ಫೆಬ್ರವರಿಯಲ್ಲಿದೆ. 1963ರ ಮೇ 25ರಂದು ಆಫ್ರಿಕನ್ ಏಕತಾ ಸಂಘಟನೆ ಹುಟ್ಟಿದ್ದು ಈ ಊರಿನಲ್ಲೇ. ಅದರ ಉತ್ತರಾಧಿಕಾರಿಯಾದ ಆಫ್ರಿಕನ್ ಒಕ್ಕೂಟದ ಕೇಂದ್ರ ಕಚೇರಿಯೂ ಇಲ್ಲೇ ಇದೆ. ಚೀನಾ ಕಟ್ಟಿಸಿಕೊಟ್ಟ ಅದರ ಎತ್ತರದ ಕಟ್ಟಡ 2012ರಲ್ಲಿ ತೆರೆಯಿತು. ಪ್ರತಿ ವರ್ಷ ಫೆಬ್ರವರಿಯಲ್ಲಿ ಖಂಡದ ರಾಷ್ಟ್ರಾಧ್ಯಕ್ಷರೆಲ್ಲ ಅಲ್ಲಿ ಸೇರಿದಾಗ ಒಳ್ಳೆಯ ಹೋಟೆಲುಗಳು ತುಂಬಿರುತ್ತವೆ, ಬೋಲೆ ರಸ್ತೆಯನ್ನು ಗಳಿಗೆಗೊಮ್ಮೆ ತಡೆಯುತ್ತಾರೆ. ಟಿಕೆಟ್ ತೆಗೆಯುವ ಮೊದಲು ಆ ವರ್ಷದ ಶೃಂಗಸಭೆಯ ದಿನಾಂಕ ನೋಡಿಕೊಳ್ಳಿ.

ಈಗ ಊಟದ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನಿಸಿ ಹೇಳಬೇಕು, ಏಕೆಂದರೆ ಸಸ್ಯಾಹಾರಿಗಳು ಆಫ್ರಿಕಾದ ಹೆಸರು ಕೇಳಿದೊಡನೆ ಅವಲಕ್ಕಿ, ಚಟ್ನಿಪುಡಿ, ಎಂಟಿಆರ್ ಪೊಟ್ಟಣಗಳನ್ನು ಸೂಟ್‌ಕೇಸಿಗೆ ತುಂಬುವುದನ್ನು ಕಂಡಿದ್ದೇನೆ. ಅಡಿಸ್ ಅಬಾಬಕ್ಕೆ ಅದರ ಅಗತ್ಯವಿಲ್ಲ. ಇಥಿಯೋಪಿಯನ್ ಆರ್ಥೊಡಾಕ್ಸ್ ಕ್ರೈಸ್ತರು ಪ್ರತಿ ಬುಧವಾರ ಮತ್ತು ಶುಕ್ರವಾರ ಉಪವಾಸ ಮಾಡುತ್ತಾರೆ. ಉಪವಾಸವೆಂದರೆ ಅಂದು ಮಾಂಸ, ಮೊಟ್ಟೆ ಮಾತ್ರವಲ್ಲ, ಹಾಲು, ಬೆಣ್ಣೆ, ತುಪ್ಪ ಕೂಡ ನಿಷಿದ್ಧ. ಈಸ್ಟರ್‌ಗೆ ಮುಂಚೆ 55 ದಿನಗಳ ದೊಡ್ಡ ಉಪವಾಸ, ಕ್ರಿಸ್‌ಮಸ್‌ಗೆ ಮುಂಚೆ ಒಂದೂವರೆ ತಿಂಗಳಿನಷ್ಟು, ಆಗಸ್ಟ್‌ನಲ್ಲಿ ಮೇರಿಯ ಹೆಸರಿನ ಎರಡು ವಾರ ಎಲ್ಲ ಸೇರಿದರೆ ವರ್ಷದ ಅರ್ಧದಷ್ಟು ದಿನ ಊರಿನ ಬಹುಪಾಲು ಅಡುಗೆಮನೆಗಳು ಸಸ್ಯಾಹಾರಿಯಾಗಿರುತ್ತವೆ. ಹೋಟೆಲಿನಲ್ಲಿ ಕೂತು «ಯೆತ್ಸೋಮ್ ಬೆಯಾಯ್ನೆತು» ಎಂದರೆ ಸಾಕು: ಅಗಲವಾದ ಇಂಜೆರಾದ ಮೇಲೆ ಕೆಂಪು ಮಸೂರ ಬೇಳೆಯ ವೊತ್ ಎಂಬ ಖಾರದ ಗಟ್ಟಿ ಸಾರು, ಹಳದಿ ಬೇಳೆ, ಎಲೆಕೋಸು–ಗಜ್ಜರಿಯ ಪಲ್ಯ, ಸೊಪ್ಪು, ಬೀಟ್‌ರೂಟ್, ಹಸಿ ಟೊಮೇಟೊ ಇವನ್ನೆಲ್ಲ ಗುಡ್ಡೆಗುಡ್ಡೆಯಾಗಿ ಇಟ್ಟು ತರುತ್ತಾರೆ. ಇಂಜೆರಾ ಎಂದರೆ ಟೆಫ್ ಎಂಬ ಅತಿ ಸಣ್ಣ ಧಾನ್ಯದ ಹಿಟ್ಟನ್ನು ಕೆಲವು ದಿನ ಹುಳಿ ಬರಿಸಿ, ಒಂದೇ ಮಗ್ಗುಲು ಬೇಯಿಸಿದ, ಮೇಲೆಲ್ಲ ತೂತುಗಳಿರುವ ದೊಡ್ಡ ದೋಸೆ. ನಮ್ಮ ದೋಸೆಗಿಂತ ಹುಳಿ ಹೆಚ್ಚು, ಗರಿ ಇರುವುದಿಲ್ಲ, ಮೆತ್ತಗೆ ತಣ್ಣಗಿರುತ್ತದೆ. ಮೊದಲ ತುತ್ತಿಗೆ ಮುಖ ಸಿಂಡರಿಸುವವರೂ ಎರಡನೆಯ ದಿನಕ್ಕೆ ಒಗ್ಗಿಕೊಳ್ಳುತ್ತಾರೆ. ಬಲಗೈಯಲ್ಲಿ ತಿನ್ನುವುದು ಅಲ್ಲಿನ ಪದ್ಧತಿಯೇ ಆದ್ದರಿಂದ ಚಮಚ ಹುಡುಕಬೇಕಾಗಿಲ್ಲ.

ಆದರೆ ಕೆಲವು ಎಚ್ಚರಿಕೆಗಳಿವೆ. ಉಪವಾಸವಲ್ಲದ ದಿನ ಬೇಳೆಯ ವೊತ್‌ಗೂ ಕಡಲೆಹಿಟ್ಟಿನ ಶಿರೊಗೂ ಮಸಾಲೆ ಹಾಕಿ ಕಾಯಿಸಿದ ಬೆಣ್ಣೆ ಬಿದ್ದಿರಬಹುದು. ನಮಗೆ ಅದು ಅಡ್ಡಿಯಿಲ್ಲ, ಡೈರಿ ಬಿಟ್ಟವರಿಗೆ ಅಡ್ಡಿ. «ಬೊಜೆನಾ ಶಿರೊ» ಎಂದು ಪಟ್ಟಿಯಲ್ಲಿ ಕಂಡರೆ ಅದರಲ್ಲಿ ಮಾಂಸದ ತುಂಡುಗಳಿರುತ್ತವೆ. ಬರೀ ಶಿರೊ ಕೇಳಿ. ಈರುಳ್ಳಿ, ಬೆಳ್ಳುಳ್ಳಿ ತಿನ್ನದವರಿಗೆ ಅಲ್ಲಿನ ಅಡುಗೆ ಕಷ್ಟ, ಏಕೆಂದರೆ ಯಾವ ವೊತ್ ಆದರೂ ಆರಂಭವಾಗುವುದೇ ಈರುಳ್ಳಿಯನ್ನು ಬಹಳ ಹೊತ್ತು ಬಾಡಿಸುವುದರಿಂದ. ಇನ್ನು ಬಹಳ ಜನರಿಗೆ ತಿಳಿಯದ ಒಂದು ಸಂಗತಿ: ಈಸ್ಟರ್ ನಂತರದ ಐವತ್ತು ದಿನ ಬುಧವಾರ–ಶುಕ್ರವಾರದ ಉಪವಾಸವೂ ಇರುವುದಿಲ್ಲ. ಆಗ ಊರು ಮಾಂಸದ ಸಂಭ್ರಮದಲ್ಲಿರುತ್ತದೆ. ಹಸಿಮಾಂಸವನ್ನು ಹಾಗೆಯೇ ಕೊಯ್ದು ಖಾರದ ಪುಡಿಯೊಂದಿಗೆ ತಿನ್ನುವ ಅಂಗಡಿಗಳು ತುಂಬಿ ತುಳುಕುತ್ತವೆ, ಬೆಯಾಯ್ನೆತು ಕೇಳಿದರೆ ಕೆಲವು ಕಡೆ ಇಲ್ಲವೆನ್ನುತ್ತಾರೆ. ನಮ್ಮ ಮೇ ತಿಂಗಳ ರಜೆ ಸಾಮಾನ್ಯವಾಗಿ ಈ ಅವಧಿಗೇ ಬೀಳುತ್ತದೆ. ಮಾಂಸಾಹಾರಿಗಳ ಲೆಕ್ಕ ಇದಕ್ಕೆ ವಿರುದ್ಧ. ಇಥಿಯೋಪಿಯಾದ ಕೋಳಿ ಸಾರಾದ ದೊರೊ ವೊತ್ ತಿನ್ನಬೇಕೆಂದು ಆಸೆಪಟ್ಟವರು ದೊಡ್ಡ ಉಪವಾಸದ ನಡುವೆ ಹೋದರೆ ಅನೇಕ ಮಾಂಸದ ಅಂಗಡಿಗಳು ಬಾಗಿಲು ಹಾಕಿರುತ್ತವೆ. ದೇಶದ ಮೂರನೆಯ ಒಂದು ಭಾಗದಷ್ಟು ಜನ ಮುಸ್ಲಿಮರಾದ್ದರಿಂದ ಆಗಲೂ ಮಾಂಸದೂಟ ಪೂರ್ತಿ ಇಲ್ಲವೆಂದಲ್ಲ.

ಹೀಗೆ ತಾರೀಖು ನಿಶ್ಚಯವಾದ ಮೇಲೆ ಕಾಗದಪತ್ರ. ವೀಸಾವನ್ನು ಇಥಿಯೋಪಿಯಾ ಸರ್ಕಾರದ ಅಧಿಕೃತ ಇ-ವೀಸಾ ಜಾಲತಾಣದಲ್ಲಿ ಮಾತ್ರ ಮಾಡಿಸಿ. ಅದರಂತೆಯೇ ಕಾಣುವ, ಹೆಚ್ಚು ಹಣ ಕೀಳುವ ಖಾಸಗಿ ತಾಣಗಳು ಹುಡುಕಾಟದಲ್ಲಿ ಮೊದಲು ಬರುತ್ತವೆ. ಶುಲ್ಕ, ನಿಯಮಗಳು ಬದಲಾಗುತ್ತಿರುವುದರಿಂದ ಇಲ್ಲಿ ಅಂಕಿ ಹೇಳುವುದಿಲ್ಲ. ಹಳದಿ ಜ್ವರದ ಲಸಿಕೆಯ ವಿಷಯವನ್ನು ಮಾತ್ರ ದಯವಿಟ್ಟು ಗಟ್ಟಿಯಾಗಿ ನೆನಪಿಡಿ. ಇದನ್ನು ಕೇಳುವವರು ಅಲ್ಲಿನವರಿಗಿಂತ ಹೆಚ್ಚಾಗಿ ನಮ್ಮವರೇ. ಹಳದಿ ಜ್ವರವಿರುವ ದೇಶಗಳ ಭಾರತದ ಪಟ್ಟಿಯಲ್ಲಿ ಇಥಿಯೋಪಿಯಾ ಇದೆ. ಅಲ್ಲಿಂದ ಪ್ರಮಾಣಪತ್ರವಿಲ್ಲದೆ ಹಿಂತಿರುಗಿದರೆ ಆರು ದಿನಗಳವರೆಗೆ ಪ್ರತ್ಯೇಕವಾಸದಲ್ಲಿ ಇರಿಸುವ ಅಧಿಕಾರ ನಮ್ಮ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಿದೆ. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಪ್ರಮಾಣಪತ್ರ ಊರ್ಜಿತವಾಗುತ್ತದೆ, ಆಮೇಲೆ ಜೀವಮಾನಪೂರ್ತಿ ನಡೆಯುತ್ತದೆ. ಕೇಂದ್ರ ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಅದನ್ನು ಹಾಕುತ್ತಾರೆ. ಹೋದ ದಿನವೇ ಆಗುತ್ತದೆಂದು ನಂಬದೆ ಮೊದಲೇ ದಿನ ಗೊತ್ತುಮಾಡಿಕೊಳ್ಳಿ. ಅರವತ್ತು ದಾಟಿದವರು, ಮೊಟ್ಟೆಯ ಅಲರ್ಜಿ ಇರುವವರು ಮೊದಲು ತಮ್ಮ ವೈದ್ಯರನ್ನು ಕೇಳಬೇಕು. ಮಲೇರಿಯಾದ ಭಯ ಈ ಊರಿನ ಮಟ್ಟಿಗೆ ಇಲ್ಲ, ಏಕೆಂದರೆ ಊರಿನ ಎತ್ತರವೇ ಅದನ್ನು ತಡೆಯುತ್ತದೆ. ತಗ್ಗಿನ ಪ್ರದೇಶಗಳಿಗೆ ಇಳಿಯುವವರು ಮಾತ್ರ ಮಾತ್ರೆಯ ವಿಚಾರ ಮಾಡಬೇಕು.

ಎತ್ತರವೆಂದೆ. ಅಡಿಸ್ ಅಬಾಬ ಸಮುದ್ರ ಮಟ್ಟದಿಂದ ಸುಮಾರು 2,350 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ನೀವು ವಿಮಾನದಿಂದ ಇಳಿಯುವುದೇ ಮುಳ್ಳಯ್ಯನಗಿರಿಯ ತುದಿಗಿಂತ ನಾನೂರು ಮೀಟರ್ ಮೇಲೆ. ಮೊದಲ ದಿನ ಮೆಟ್ಟಿಲು ಹತ್ತುವಾಗ ಏದುಸಿರು, ಸಣ್ಣ ತಲೆನೋವು, ರಾತ್ರಿ ತುಂಡು ತುಂಡು ನಿದ್ದೆ ಇವೆಲ್ಲ ಸಾಮಾನ್ಯ. ನೀರು ಹೆಚ್ಚು ಕುಡಿಯಿರಿ, 3,000 ಮೀಟರ್ ದಾಟುವ ಎಂತೊತೊ ಬೆಟ್ಟವನ್ನು ಮೊದಲ ದಿನಕ್ಕೆ ಇಟ್ಟುಕೊಳ್ಳಬೇಡಿ. ಹಗಲು ಬಿಸಿಲು ಚುರುಕಾಗಿದ್ದರೂ ನವೆಂಬರ್, ಡಿಸೆಂಬರ್‌ನ ರಾತ್ರಿಗಳಿಗೆ ಸ್ವೆಟರ್ ಬೇಕೇ ಬೇಕು. ಆಫ್ರಿಕಾ ಎಂದರೆ ಸೆಕೆ ಎಂದುಕೊಂಡು ಬರೀ ಹತ್ತಿ ಅಂಗಿ ತುಂಬಿಕೊಂಡವರು ಅಲ್ಲೇ ಜಾಕೆಟ್ ಕೊಳ್ಳಬೇಕಾಗುತ್ತದೆ.

ಹಣದ ವಿಷಯ ಚುಟುಕಾಗಿ ಹೇಳುತ್ತೇನೆ. ನಾಣ್ಯ ಬಿರ್. 2024ರ ಜುಲೈ ಕೊನೆಯಲ್ಲಿ ಸರ್ಕಾರ ವಿನಿಮಯ ದರವನ್ನು ಮಾರುಕಟ್ಟೆಗೆ ಬಿಟ್ಟಿತು. ಡಾಲರಿಗೆ 57ರ ಆಸುಪಾಸಿನಲ್ಲಿದ್ದ ಬಿರ್ ಕೆಲವೇ ವಾರಗಳಲ್ಲಿ ನೂರನ್ನು ದಾಟಿತು. ಆದ್ದರಿಂದ ಅದಕ್ಕೆ ಮುಂಚಿನ ಪ್ರವಾಸ ಬರಹಗಳಲ್ಲಿರುವ ಯಾವ ಬೆಲೆಯನ್ನೂ ನಂಬಬೇಡಿ. ರೂಪಾಯಿ ಅಲ್ಲಿ ಬದಲಾಗುವುದಿಲ್ಲ, ನಮ್ಮ ಯುಪಿಐ ನಡೆಯುವುದಿಲ್ಲ. ಅಲ್ಲಿನವರು ಪರಸ್ಪರ ಟೆಲಿಬಿರ್ ಎಂಬ ಮೊಬೈಲ್ ಹಣದಲ್ಲಿ ವ್ಯವಹರಿಸುತ್ತಾರೆ. ಮಾಸದ ಹೊಸ ಡಾಲರ್ ನೋಟುಗಳನ್ನು ಒಯ್ದು ಬ್ಯಾಂಕಿನಲ್ಲೇ ಬದಲಾಯಿಸಿ, ರಸೀದಿ ಇಟ್ಟುಕೊಳ್ಳಿ. ರಸ್ತೆಯಲ್ಲಿ ಹೆಚ್ಚು ದರ ಕೊಡುತ್ತೇನೆನ್ನುವವರ ಜೊತೆ ವ್ಯವಹಾರ ಕಾನೂನಿಗೆ ವಿರುದ್ಧ, ಎಣಿಕೆಯಲ್ಲಿ ಮೋಸವೂ ಅಲ್ಲೇ. ಪ್ಲಗ್ಗಿನ ಪಿನ್ನುಗಳು ಯೂರೋಪಿನ ಮಾದರಿಯವು. ಒಂದು ಅಡಾಪ್ಟರ್ ಇರಲಿ.

ಓಡಾಟಕ್ಕೆ ಊರಿನ ಜೀವನಾಡಿಯೆಂದರೆ ನೀಲಿ–ಬಿಳಿ ಬಣ್ಣದ ಮಿನಿಬಸ್ಸುಗಳು. ಬಾಗಿಲಲ್ಲಿ ನೇತಾಡುವ ಹುಡುಗ «ಬೋಲೆ ಬೋಲೆ ಬೋಲೆ», «ಪಿಯಾಸ ಪಿಯಾಸ» ಎಂದು ಕೂಗುತ್ತಿರುತ್ತಾನೆ. ಬಸ್ಸಿನ ಮೇಲೆ ಫಲಕವಿದ್ದರೂ ಅದು ಅಮ್ಹಾರಿಕ್ ಲಿಪಿಯಲ್ಲಿರುತ್ತದೆ. ಈ ಲಿಪಿಯ ಬಗ್ಗೆ ಒಂದು ಮಾತು, ವಿಷಯದಿಂದ ಸ್ವಲ್ಪ ಆಚೆ ಹೋದರೂ ಕ್ಷಮಿಸಬೇಕು. ಅಲ್ಲಿನ ಮಕ್ಕಳು ಕಲಿಯುವುದು ನಮ್ಮಂತೆಯೇ ಕಾಗುಣಿತವನ್ನು: ಒಂದೊಂದು ವ್ಯಂಜನಕ್ಕೂ ಏಳೇಳು ಸ್ವರರೂಪಗಳು, ಅಡ್ಡಸಾಲಿನಲ್ಲಿ ಬರೆದು ಗಟ್ಟಿಯಾಗಿ ಹೇಳಿಸುತ್ತಾರೆ. ಇಂಗ್ಲಿಷ್ ಮಾತ್ರ ಬಲ್ಲ ಪ್ರವಾಸಿಗೆ ಒಗಟಾಗುವ ಆ ಪಟ್ಟಿಯ ತರ್ಕ ಕನ್ನಡಿಗನಿಗೆ ಒಂದೇ ಸಂಜೆಯಲ್ಲಿ ತಿಳಿಯುತ್ತದೆ. ಅಕ್ಷರಗಳನ್ನು ನೆನಪಿಡಲು ಇನ್ನಷ್ಟು ದಿನ ಬೇಕು, ಆದರೆ ಊರಿನ ಹೆಸರುಗಳಷ್ಟನ್ನಾದರೂ ಓದಲು ಪ್ರಯತ್ನಿಸಿ ಎಂದು ನಾನು ಒತ್ತಾಯಿಸುತ್ತೇನೆ. ಅಷ್ಟು ತಾಳ್ಮೆಯಿಲ್ಲದವರಿಗೆ ರೈಡ್, ಫೆರೆಸ್ ಎಂಬ ಟ್ಯಾಕ್ಸಿ ಆ್ಯಪ್‌ಗಳಿವೆ. 2015ರಲ್ಲಿ ಆರಂಭವಾದ ಲಘು ರೈಲು ಎರಡು ಮಾರ್ಗಗಳಲ್ಲಿ ಓಡುತ್ತದೆ; ಅಗ್ಗ, ಆದರೆ ಜನಸಂದಣಿಯಲ್ಲಿ ಜೇಬು ಜೋಪಾನ. ವಿಳಾಸ ಹೇಳುವುದು ರಸ್ತೆಯ ಹೆಸರಿನಿಂದಲ್ಲ, ಹೆಗ್ಗುರುತಿನಿಂದ. ಅರಾತ್ ಕಿಲೊ, ಸಿದಿಸ್ತ್ ಕಿಲೊ, ಮೆಗೆನಾನ್ಯ, ಮೆಕ್ಸಿಕೊ ಎಂಬ ವೃತ್ತಗಳ ಹೆಸರುಗಳನ್ನು ಬಾಯಿಪಾಠ ಮಾಡಿಕೊಂಡರೆ ಅರ್ಧ ಊರು ತಿಳಿದಂತೆ.

ಸ್ಥಳಗಳಿಗೆ ಈಗ ಬಂದೆ. ಪೂರ್ತಿ ಒಂದು ಹಗಲನ್ನು ಅರಾತ್ ಕಿಲೊದಿಂದ ಸಿದಿಸ್ತ್ ಕಿಲೊವರೆಗಿನ ಒಂದೇ ರಸ್ತೆಗೆ ಕೊಡಿ, ನಡೆದೇ ಹೋಗಬಹುದು. ಅರಾತ್ ಕಿಲೊದ ಹತ್ತಿರ ತ್ರಿನಿತಿ ಕೆಥೆಡ್ರಲ್ ಇದೆ. 1974ರ ಕ್ರಾಂತಿಯಲ್ಲಿ ಪದಚ್ಯುತನಾಗಿ ಮರುವರ್ಷ ಬಂಧನದಲ್ಲೇ ತೀರಿಕೊಂಡ ಚಕ್ರವರ್ತಿ ಹೈಲೆ ಸೆಲಾಸಿಯ ಅವಶೇಷಗಳನ್ನು 2000ದಲ್ಲಿ ಅಲ್ಲಿ ಸಮಾಧಿ ಮಾಡಿದರು. ಚಪ್ಪಲಿ ಹೊರಗೆ ಬಿಡಬೇಕು, ನಮಗದು ಹೊಸದಲ್ಲ. ಅಲ್ಲಿಂದ ಮೇಲಕ್ಕೆ ನಡೆದರೆ ರಾಷ್ಟ್ರೀಯ ವಸ್ತುಸಂಗ್ರಹಾಲಯ. ಅಲ್ಲಿ ಲೂಸಿ, ಅವರ ಮಾತಿನಲ್ಲಿ ದಿಂಕಿನೆಶ್, ಇದ್ದಾಳೆ: 1974ರ ನವೆಂಬರ್ 24ರಂದು ಹದಾರ್‌ನಲ್ಲಿ ಸಿಕ್ಕ, ಮನುಷ್ಯನ ಪೂರ್ವಜರ ಕುಲದ, ಸುಮಾರು 32 ಲಕ್ಷ ವರ್ಷ ಹಳೆಯ ಅಸ್ಥಿಪಂಜರ. ಇಡೀ ಅಸ್ಥಿಪಂಜರದ ನೂರಕ್ಕೆ ನಲವತ್ತರಷ್ಟು ಭಾಗ ಸಿಕ್ಕಿತ್ತು ಎಂಬುದೇ ಅದರ ಹೆಗ್ಗಳಿಕೆ. ಪ್ರದರ್ಶನದಲ್ಲಿರುವುದು ಪ್ರತಿಕೃತಿ, ಮೂಲ ಎಲುಬುಗಳು ಭದ್ರತೆಯಲ್ಲಿವೆ. ಅದಕ್ಕಾಗಿ ನಿರಾಶರಾಗಬೇಡಿ, ನಿಂತ ಭಂಗಿಯಲ್ಲಿ ಜೋಡಿಸಿಟ್ಟಿರುವ ಆ ಆಕೃತಿ ನಿಮ್ಮ ಎದೆಯ ಮಟ್ಟಕ್ಕೂ ಬಾರದಷ್ಟು ಚಿಕ್ಕದು ಎಂಬುದು ಎದುರು ನಿಂತಾಗಲೇ ತಿಳಿಯುವುದು.

ಮುಂದಿನ ವೃತ್ತದಲ್ಲಿ ಅಡಿಸ್ ಅಬಾಬ ವಿಶ್ವವಿದ್ಯಾಲಯ. ಒಂದೇ ಕಡೆ ಹೋಗಲು ಸಮಯವಿದೆ ಎಂದರೆ ನಾನು ಲೂಸಿಯನ್ನೂ ಬಿಟ್ಟು ಇಲ್ಲಿಗೆ ಕಳಿಸುತ್ತೇನೆ. ಇದು ಹೈಲೆ ಸೆಲಾಸಿಯ ಅರಮನೆಯಾಗಿತ್ತು. ಈಗ ಜನಾಂಗೀಯ ವಸ್ತುಸಂಗ್ರಹಾಲಯ. ಮೇಲಿನ ಮಹಡಿಯಲ್ಲಿ ಚಕ್ರವರ್ತಿಯ ಮಲಗುವ ಕೋಣೆಯನ್ನೂ ಸ್ನಾನದ ಮನೆಯನ್ನೂ ಹಾಗೆಯೇ ಇಟ್ಟಿದ್ದಾರೆ. ಕಟ್ಟಡದ ಮುಂದೆ, ಎಲ್ಲಿಗೂ ಹೋಗದ ಒಂದು ಮೆಟ್ಟಿಲ ಸಾಲು ಆಕಾಶಕ್ಕೆ ಸುತ್ತಿಕೊಂಡು ಏರಿ ನಿಂತಿದೆ. 1936ರಿಂದ 1941ರವರೆಗೆ ಊರನ್ನು ಹಿಡಿದಿದ್ದ ಇಟಲಿಯವರು ಮುಸೊಲಿನಿಯ ಆಳ್ವಿಕೆಯ ವರ್ಷಕ್ಕೊಂದರಂತೆ ಕಟ್ಟಿದ ಮೆಟ್ಟಿಲುಗಳವು. ಅವರನ್ನು ಓಡಿಸಿದ ಮೇಲೆ ಇಥಿಯೋಪಿಯಾದವರು ಅದನ್ನು ಕೆಡವಲಿಲ್ಲ. ತುತ್ತತುದಿಯ ಮೆಟ್ಟಿಲ ಮೇಲೆ ತಮ್ಮ ರಾಜಲಾಂಛನವಾದ ಸಿಂಹದ ಒಂದು ಪುಟ್ಟ ವಿಗ್ರಹವನ್ನು ಕೂರಿಸಿಬಿಟ್ಟರು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಚೆನ್ನಾಗಿ ಸೇಡು ತೀರಿಸಿಕೊಂಡ ಇನ್ನೊಂದು ಸ್ಮಾರಕ ನನಗೆ ಗೊತ್ತಿಲ್ಲ. ಇದರ ಹಿನ್ನೆಲೆಯಲ್ಲಿ ನೋವೂ ಇದೆ. 1937ರ ಫೆಬ್ರವರಿ 19ರಂದು ಇದೇ ಅರಮನೆಯ ಆವರಣದಲ್ಲಿ ಇಟಲಿಯ ವೈಸ್‌ರಾಯ್ ಗ್ರಾಝಿಯಾನಿಯ ಮೇಲೆ ಬಾಂಬ್ ಬಿದ್ದಾಗ, ಪ್ರತೀಕಾರವೆಂದು ಸಾವಿರಾರು ನಾಗರಿಕರನ್ನು ಮೂರು ದಿನಗಳಲ್ಲಿ ಕೊಂದರು. ಸಿದಿಸ್ತ್ ಕಿಲೊ ವೃತ್ತದ ಎತ್ತರದ ಸ್ತಂಭ ಅವರ ನೆನಪಿಗೆ. ನೋಡುವ ಕ್ರಮದಲ್ಲಿ ಮೊದಲು ಸ್ತಂಭ, ಆಮೇಲೆ ಮೆಟ್ಟಿಲು ಎಂದು ಇಟ್ಟುಕೊಂಡರೆ ಒಳ್ಳೆಯದು.

ಮೆರ್ಕಾತೊ ಸಂತೆಗೆ ಹೋಗುವುದಾದರೆ ಭಾನುವಾರ ಬಿಡಿ, ಬೆಳಿಗ್ಗೆ ಹೋಗಿ, ಊರಿನವರೊಬ್ಬರ ಜೊತೆ ಹೋಗಿ, ಮೊಬೈಲನ್ನು ಒಳಜೇಬಿನಲ್ಲಿಡಿ. ನಮ್ಮವರು ಅಲ್ಲಿ ಕಾಳುಕಡ್ಡಿಯ ಓಣಿಯನ್ನು ಹುಡುಕಿಕೊಂಡು ಹೋಗಬೇಕು. ಟೆಫ್‌ನ ಮೂಟೆಗಳ ಪಕ್ಕದಲ್ಲಿ ದಾಗುಸಾ ಎಂಬ ಧಾನ್ಯ ಕಾಣುತ್ತದೆ, ಅದು ರಾಗಿ. ನಾವು ನಮ್ಮದೆಂದೇ ನಂಬಿರುವ ರಾಗಿಯನ್ನು ಮೊದಲು ಬೇಸಾಯಕ್ಕೆ ಒಗ್ಗಿಸಿದವರು ಪೂರ್ವ ಆಫ್ರಿಕಾದ ಎತ್ತರದ ನಾಡಿನ ರೈತರು. ನೂಗ್ ಎಂದು ಕರೆಯುವ ಕಪ್ಪು ಕಾಳನ್ನು ಕೈಯಲ್ಲಿ ಹಿಡಿದು ನೋಡಿ: ಅದು ನಮ್ಮ ಹುಚ್ಚೆಳ್ಳು. ಸಸ್ಯಶಾಸ್ತ್ರದಲ್ಲಿ ಅದರ ಹೆಸರಿನಲ್ಲೇ ಇಥಿಯೋಪಿಯಾದ ಹಳೆಯ ಹೆಸರಾದ ಅಬಿಸೀನಿಯಾ ಇದೆ. ಉಪವಾಸದ ದಿನಗಳಲ್ಲಿ ಬೆಣ್ಣೆಯ ಬದಲು ಬಳಸುವ ಎಣ್ಣೆಗಳಲ್ಲಿ ಅದರದ್ದೂ ಒಂದು. ವಿಜಯಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಇಖ್ಲಾಸ್ ಖಾನ್‌ನಂತಹ, ಇಥಿಯೋಪಿಯಾ ಮೂಲದ ಹಬ್ಶಿ ಸರದಾರರು ಅಧಿಕಾರ ನಡೆಸಿದ್ದನ್ನು ನಾವು ಇತಿಹಾಸದಲ್ಲಿ ಓದುತ್ತೇವೆ, ಆದರೆ ಈ ಕಾಳುಗಳ ಪ್ರಯಾಣ ಅವರಿಗಿಂತ ಸಾವಿರಾರು ವರ್ಷ ಹಳೆಯದು.

ಕಾಫಿಯನ್ನು ಬಾಬಾ ಬುಡನ್ ಯೆಮೆನ್‌ನಿಂದ ತಂದರೆಂಬುದು ಚಿಕ್ಕಮಗಳೂರಿನ ಐತಿಹ್ಯ. ಯೆಮೆನ್‌ಗೆ ಅದು ಹೋದದ್ದು ಇಥಿಯೋಪಿಯಾದ ಕಾಡುಗಳಿಂದ. ಪಿಯಾಸ ಬಡಾವಣೆಯಲ್ಲಿ 1953ರಿಂದ ನಡೆದಿರುವ ಟೊಮೊಕಾ ಕಾಫಿ ಅಂಗಡಿಯಲ್ಲಿ ನಿಂತುಕೊಂಡೇ ಒಂದು ಲೋಟ ಕುಡಿಯಿರಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ರಸ್ತೆ ಬದಿಯ ಗೂಡಂಗಡಿಗಳಲ್ಲೂ ನೆಲಕ್ಕೆ ಹಸಿ ಹುಲ್ಲು ಹಾಸಿ, ಹೆಣ್ಣುಮಗಳೊಬ್ಬಳು ಹಸಿ ಬೀಜವನ್ನು ತೊಳೆದು, ಇದ್ದಿಲ ಒಲೆಯ ಮೇಲೆ ಎಣ್ಣೆ ಜಿನುಗುವವರೆಗೆ ಹುರಿದು, ಆ ಹೊಗೆಯ ಪರಿಮಳ ಪ್ರತಿಯೊಬ್ಬರ ಮೂಗಿಗೂ ತಲುಪುವಂತೆ ಬಾಣಲೆಯನ್ನು ಸುತ್ತ ಹಿಡಿದು, ಆಮೇಲೆ ಕುಟ್ಟಿ, ಜೆಬೆನಾ ಎಂಬ ಉದ್ದ ಕತ್ತಿನ ಮಣ್ಣಿನ ಪಾತ್ರೆಯಲ್ಲಿ ಕುದಿಸುತ್ತಾಳೆ. ಪಕ್ಕದಲ್ಲಿ ಧೂಪ, ತಟ್ಟೆಯಲ್ಲಿ ಜೋಳದ ಅರಳು. ಒಂದೇ ಪುಡಿಯಲ್ಲಿ ಮೂರು ಸುತ್ತು: ಅಬೊಲ್, ತೊನಾ, ಬರಕಾ. ಮನೆಗೆ ಕರೆದವರ ಮುಂದೆ ಮೊದಲ ಸುತ್ತಿಗೇ ಎದ್ದು ಹೊರಟರೆ ಸರಿಕಾಣುವುದಿಲ್ಲ. ಒಂದೂವರೆ ಗಂಟೆಯನ್ನಾದರೂ ಬಿಡುವಾಗಿ ಇಟ್ಟುಕೊಳ್ಳಿ. ಆದರೆ ಪಿಯಾಸದ ಬೀದಿಯಲ್ಲಿ ಹೊಸದಾಗಿ ಪರಿಚಯವಾದ ಚುರುಕು ಯುವಕ ತಾನಾಗಿ ಕಾಫಿಗೆ ಕರೆದರೆ ಆ ಮಾತು ಬೇರೆ. ಕೊನೆಯಲ್ಲಿ ಬರುವ ಬಿಲ್ಲು ನೋಡಿ ದಂಗಾದವರಿದ್ದಾರೆ. ಈ ಪಿಯಾಸ ಹಳೆಯ ಊರಿನ ಹೃದಯ. ಮುಂದೆ ಚಕ್ರವರ್ತಿಯಾದ ಮೆನೆಲಿಕ್ 1886ರಲ್ಲಿ ಊರು ಕಟ್ಟಲು ಆರಂಭಿಸಿದ ನಂತರದ ದಶಕಗಳಲ್ಲಿ ಭಾರತದಿಂದ ಹೋದ ಕಟ್ಟಡದ ಕುಶಲಕರ್ಮಿಗಳ ಕೈಗುರುತು ಅಲ್ಲಿನ ಮರದ ಜಗಲಿಗಳಲ್ಲಿ ಇತ್ತು. 2024ರಲ್ಲಿ ರಸ್ತೆ ಅಗಲೀಕರಣ ಮತ್ತು ಪುನರಭಿವೃದ್ಧಿಗಾಗಿ ಹಳೆಯ ಮನೆಗಳನ್ನು ದೊಡ್ಡ ಪ್ರಮಾಣದಲ್ಲಿ ಕೆಡವಿದರು. ಹಳೆಯ ಕೈಪಿಡಿ ಹಿಡಿದು ಹೋದವರಿಗೆ 1896ರಲ್ಲಿ ಇಟಲಿಯ ಸೇನೆಯನ್ನು ಸೋಲಿಸಿದ ನೆನಪಿನ ಹೊಸ ಅಡ್ವಾ ವಿಜಯ ಸ್ಮಾರಕ ಅಲ್ಲಿ ಎದುರಾಗುತ್ತದೆ, ಹುಡುಕುತ್ತಿದ್ದ ಬೀದಿ ಸಿಗದೆಯೂ ಹೋಗಬಹುದು.

ಸಭೆಯಲ್ಲಿ ಒಬ್ಬರು ಭದ್ರತೆಯ ಬಗ್ಗೆ ಕೇಳಿದ್ದಾರೆ. ಉತ್ತರದ ಟಿಗ್ರಾಯ್ ಪ್ರಾಂತ್ಯದ ಯುದ್ಧ 2022ರ ನವೆಂಬರ್‌ನಲ್ಲಿ ಒಪ್ಪಂದದಿಂದ ನಿಂತಿತು. 2023ರಿಂದ ಅಮ್ಹಾರಾ ಪ್ರಾಂತ್ಯದಲ್ಲಿ ಬೇರೊಂದು ಸಂಘರ್ಷ ಆರಂಭವಾಯಿತು, ಒರೊಮಿಯಾ ಪ್ರಾಂತ್ಯದ ಕೆಲವು ಭಾಗಗಳೂ ಶಾಂತವಾಗಿಲ್ಲ. ರಾಜಧಾನಿಯೊಳಗಿನ ಓಡಾಟ ಒಂದು, ರಾಜಧಾನಿಯಿಂದ ರಸ್ತೆ ಮಾರ್ಗವಾಗಿ ಹೊರಗೆ ಹೋಗುವುದು ಇನ್ನೊಂದು. ಬಂದದ್ದಾಯಿತು, ಲಾಲಿಬೆಲಾದ ಬಂಡೆಕಲ್ಲಿನ ಚರ್ಚುಗಳನ್ನೂ ನೋಡಿಬಿಡೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಲಾಲಿಬೆಲಾ ಇರುವುದು ಅಮ್ಹಾರಾದಲ್ಲಿ. ಭಾರತೀಯ ರಾಯಭಾರ ಕಚೇರಿಯ ಆ ವಾರದ ಸೂಚನೆ ನೋಡದೆ ಆ ಟಿಕೆಟ್ ತೆಗೆಯಬೇಡಿ, ಮೊದಲ ಭೇಟಿಯಲ್ಲಿ ಊರಿಗಷ್ಟೇ ನಾಲ್ಕು ದಿನ ಕೊಟ್ಟರೆ ನಷ್ಟವಿಲ್ಲ. ಸರ್ಕಾರಿ ಕಟ್ಟಡ, ಸೈನಿಕರು, ವಿಮಾನ ನಿಲ್ದಾಣಗಳ ಫೋಟೊ ತೆಗೆಯಬಾರದು. ಡ್ರೋನನ್ನು ಮನೆಯಲ್ಲೇ ಬಿಡಿ.

ಇನ್ನೊಬ್ಬರು ಭಾರತೀಯರನ್ನು ಹೇಗೆ ಕಾಣುತ್ತಾರೆ ಎಂದು ಕೇಳಿದ್ದಾರೆ. ಹೈಲೆ ಸೆಲಾಸಿಯ ಕಾಲದಲ್ಲಿ ನಮ್ಮಲ್ಲಿಂದ ಬಹಳಷ್ಟು ಶಿಕ್ಷಕರು, ಮುಖ್ಯವಾಗಿ ಕೇರಳದವರು, ಅಲ್ಲಿನ ಶಾಲೆಗಳಿಗೆ ಹೋದರು. ವಯಸ್ಸಾದ ಇಥಿಯೋಪಿಯನ್ನರು ನಿಮ್ಮನ್ನು ಕಂಡೊಡನೆ ತಮಗೆ ಲೆಕ್ಕ ಹೇಳಿಕೊಟ್ಟ ಮೇಷ್ಟರ ಹೆಸರು ಹೇಳಿ, ಅವರು ನಿಮಗೆ ಗೊತ್ತೇ ಎಂದು ಕೇಳುವ ಸಂಭವ ಉಂಟು. ಗೊತ್ತಿಲ್ಲ ಎಂದರೂ ಅವರಿಗೆ ಬೇಸರವಾಗುವುದಿಲ್ಲ. ಆ ಮೇಷ್ಟರು ಎಷ್ಟು ಜೋರಾಗಿದ್ದರು ಎಂಬುದನ್ನು ಅವರೇ ನಿಮಗೆ ವಿವರವಾಗಿ ಹೇಳುತ್ತಾರೆ.